ವರ್ಮ್‌ಹೋಲ್ ಇನ್ನೂ ಸಿಕ್ಕಿಲ್ಲ, ಮಕ್ಕಳಿಗೆ ಹಾಗೇ ಹೇಳೋಣ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ವರ್ಮ್‌ಹೋಲ್ ಬಗ್ಗೆ, ಅಂದರೆ ಆಕಾಶದ ದೂರದ ಎರಡು ಕಡೆಗಳನ್ನು ಜೋಡಿಸಬಹುದಾದ ಗಿಡ್ಡ ಒಳದಾರಿಯ ಬಗ್ಗೆ, ಅರ್ಧ ಪುಟದ ಲೇಖನ ಬಂದಿತ್ತು. ಕನ್ನಡ ಪತ್ರಿಕೆಯಲ್ಲಿ ಇಂಥ ವಿಷಯಕ್ಕೆ ಅಷ್ಟು ಜಾಗ ಸಿಗುವುದು ಅಪರೂಪ. ಅದಕ್ಕೆ ಮೊದಲು ಧನ್ಯವಾದ. ಆದರೆ ಮೇಲೆ ದಪ್ಪಕ್ಷರದಲ್ಲಿ ‘ಆಕಾಶದ ಒಳದಾರಿ ಕೊನೆಗೂ ಸಿಕ್ಕಿತು’ ಎಂದು ಹಾಕಿದ್ದಿರಿ. ಸಿಕ್ಕಿಲ್ಲ. ಇವತ್ತಿನವರೆಗೆ ಯಾವ ದೂರದರ್ಶಕಕ್ಕೂ, ಯಾವ ಪ್ರಯೋಗಾಲಯಕ್ಕೂ ಒಂದೇ ಒಂದು ವರ್ಮ್‌ಹೋಲ್ ಕಂಡಿಲ್ಲ. ಲೇಖನದ ಒಳಗೆ ಇನ್ನೂ ಎರಡು ಮೂರು ಕಡೆ ಗೊಂದಲವಿತ್ತು. ಸುಮ್ನೆ ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಬೈಲಹೊಂಗಲ ಕಡೆಯವನು. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಆಕಾಶದ ಹುಚ್ಚು ಮಾತ್ರ ಚಿಕ್ಕಂದಿನಿಂದ ಇದೆ. ಗಣೇಶಖಿಂಡದಲ್ಲಿ, ವಿಶ್ವವಿದ್ಯಾಲಯದ ಆವರಣದೊಳಗೆ ಇರುವ ಅಯುಕಾ ಎಂಬ ಖಗೋಳ ವಿಜ್ಞಾನದ ಸಂಸ್ಥೆಯಲ್ಲಿ ಜನಸಾಮಾನ್ಯರಿಗೆ ಉಪನ್ಯಾಸ ಇದ್ದಾಗ ರಜೆ ಹಾಕಿಯಾದರೂ ಹೋಗುತ್ತೇನೆ. ಭಾನುವಾರ ಮಧ್ಯಾಹ್ನ ನಮ್ಮ ಗಲ್ಲಿಯ ಕನ್ನಡ ಮನೆಗಳ ಮಕ್ಕಳು ನಮ್ಮ ಮಾಳಿಗೆ ಮೇಲೆ ಸೇರುತ್ತಾರೆ. ಶಾಲೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಕನ್ನಡ ಓದಲು ಕಲಿಯುವುದು ನಿಮ್ಮ ಪುರವಣಿಯಿಂದಲೇ. ಹಾಗಾಗಿ ಆ ಲೇಖನವನ್ನು ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಓದಿದರು. ಓದಿ ಮುಗಿದ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದಳು: “ಕಾಕಾ, ಸಿಕ್ಕೇತಿ ಅಂದ್ರ ಎಲ್ಲಿ ಸಿಕ್ಕೇತಿ? ಯಾವ ನಕ್ಷತ್ರದ ಹತ್ರ?” ಬಹಳ ಒಳ್ಳೆಯ ಪ್ರಶ್ನೆ. ಲೇಖನದಲ್ಲಿ ಅದಕ್ಕೆ ಉತ್ತರ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ.

ಹಾಗಾದರೆ ವರ್ಮ್‌ಹೋಲ್ ಅಂದರೆ ಏನು? ಇದನ್ನು ಹೊಸಬರಿಗೆ ಹೇಳುವಾಗ ಒಂದು ಮಾತನ್ನು ಮೊದಲು ಮನದಟ್ಟು ಮಾಡಬೇಕು. ಖಾಲಿ ಜಾಗ ಎನ್ನುವುದು ಬರೀ ಶೂನ್ಯ ಅಲ್ಲ, ಅದು ಬಾಗುತ್ತದೆ. ಗುರುತ್ವ ಅಂದರೆ ಎಳೆತ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. 1915ರಲ್ಲಿ ಐನ್‌ಸ್ಟೈನ್ ಬೇರೆಯೇ ಮಾತು ಹೇಳಿದರು. ಸೂರ್ಯನಂಥ ಭಾರದ ವಸ್ತು ತನ್ನ ಸುತ್ತಲಿನ ಜಾಗವನ್ನೂ ಕಾಲವನ್ನೂ ಬಾಗಿಸುತ್ತದೆ, ಭೂಮಿ ಆ ಬಾಗಿನಲ್ಲಿ ತನ್ನ ಪಾಡಿಗೆ ತಾನು ಸಾಗುತ್ತದೆ ಎಂದರು. ಕೇಳಲು ವಿಚಿತ್ರ, ಆದರೆ ಇದನ್ನು ಅಳೆದು ನೋಡಿದ್ದಾರೆ. 1919ರ ಮೇ 29ರ ಸೂರ್ಯಗ್ರಹಣದಲ್ಲಿ ಸೂರ್ಯನ ಪಕ್ಕದಿಂದ ಬಂದ ನಕ್ಷತ್ರಗಳ ಬೆಳಕು ಬಾಗಿದ್ದನ್ನು ಇಂಗ್ಲೆಂಡಿನ ಖಗೋಳ ವಿಜ್ಞಾನಿ ಎಡಿಂಗ್ಟನ್ ಮತ್ತು ಅವರ ಜೊತೆಯವರು ಫೋಟೊ ತೆಗೆದು ಲೆಕ್ಕ ಹಾಕಿದರು. ನಮ್ಮ ಮೊಬೈಲಿನ ಜಿಪಿಎಸ್ ಕೂಡ ಇದಕ್ಕೆ ಸಾಕ್ಷಿ. ಮೇಲೆ ತಿರುಗುವ ಆ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೊಸೆಕೆಂಡ್) ಮುಂದೆ ಓಡುತ್ತದೆ. ಇದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ನಕ್ಷೆ 10 ಕಿಲೋಮೀಟರಿನಷ್ಟು ತಪ್ಪುತ್ತದೆ. ಅಂದರೆ ಜಾಗ, ಕಾಲ ಎರಡೂ ಬಾಗುವುದು ಕಥೆಯಲ್ಲ, ದಿನನಿತ್ಯದ ಕೆಲಸದ ಮಾತು.

ಜಾಗ ಬಾಗುತ್ತದೆ ಎಂದಾದ ಮೇಲೆ ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತದೆ. ಎಷ್ಟು ಬಾಗಬಹುದು? ದೂರದ ಎರಡು ಕಡೆಗಳ ನಡುವೆ ಇನ್ನೊಂದು ಗಿಡ್ಡ ದಾರಿ ಆಗುವಷ್ಟು ಬಾಗಬಹುದೇ?

ಇದಕ್ಕೆ ನಾನು ಮಕ್ಕಳಿಗೆ ಕೊಟ್ಟ ಉದಾಹರಣೆ ಪುಣೆ-ಸಾತಾರಾ ಹೆದ್ದಾರಿಯ ಖಂಬಾಟಕಿ ಘಾಟ್. ಪುಣೆಯ ನಮ್ಮ ಕಡೆಯವರಿಗೆಲ್ಲ ಅದು ಗೊತ್ತು. ಊರಿಗೆ ಹೋಗುವಾಗ ಬಸ್ಸು ಗುಡ್ಡ ಹತ್ತಿ, ತಿರುವು ಸುತ್ತಿ, ಆ ಕಡೆ ಇಳಿಯುತ್ತಿತ್ತು. ಊರಿಂದ ಬರುವಾಗ ಸಾತಾರಾ ದಾಟಿದ ಮೇಲೆ ಅದೇ ಗುಡ್ಡದ ಹೊಟ್ಟೆಯೊಳಗಿನ ಸುರಂಗದಿಂದ ಈಚೆ ಬರುತ್ತಿತ್ತು. ಬಹಳ ವರ್ಷ ನಡೆದ ವ್ಯವಸ್ಥೆ ಇದು. ಸುರಂಗದಲ್ಲಿ ಬಸ್ಸು ಹೆಚ್ಚು ಜೋರಾಗಿ ಓಡುವುದಿಲ್ಲ, ದಾರಿಯೇ ಗಿಡ್ಡ. ಅಷ್ಟೇ. ವರ್ಮ್‌ಹೋಲ್ ವಿಚಾರದಲ್ಲಿ ತಿಳಿಯಬೇಕಾದ ಮುಖ್ಯ ಮಾತು ಇದು. ‘ಬೆಳಕಿಗಿಂತ ವೇಗವಾಗಿ ಹೋಗಬಹುದು’ ಎಂದು ನಿಮ್ಮ ಲೇಖನದಲ್ಲಿತ್ತು. ಹಾಗಲ್ಲ. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಹೋಗುತ್ತದೆ, ಅದನ್ನು ಮೀರುವವರು ಯಾರೂ ಇಲ್ಲ. ವರ್ಮ್‌ಹೋಲ್ ಒಳಗೂ ಮೀರುವಂತಿಲ್ಲ. ಹೊರಗಿನ ದಾರಿಯಲ್ಲಿ ಬೆಳಕಿಗೆ ವರ್ಷಗಟ್ಟಲೆ ಬೇಕಾಗುವ ಜಾಗಕ್ಕೆ ಒಳದಾರಿಯಲ್ಲಿ ಮೆಲ್ಲಗೆ ಹೋದರೂ ಮೊದಲೇ ಮುಟ್ಟಬಹುದು. ಒಳದಾರಿಯಲ್ಲಿ ಬೆಳಕನ್ನೇ ಬಿಟ್ಟರೆ ಅದು ನಮಗಿಂತ ಮುಂದೆಯೇ ಇರುತ್ತದೆ.

ಇಂಥ ಒಳದಾರಿಯ ಆಸೆ ಯಾಕೆ ಎನ್ನುವುದಕ್ಕೆ ಒಂದು ಲೆಕ್ಕ ಸಾಕು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ ದೂರ, ಅಂದರೆ ಬೆಳಕಿಗೇ ಅಲ್ಲಿಗೆ ಹೋಗಲು 4.24 ವರ್ಷ ಬೇಕು. 1977ರಲ್ಲಿ ಹೊರಟ ವಾಯೇಜರ್-1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಅದೇ ವೇಗದಲ್ಲಿ ಪ್ರಾಕ್ಸಿಮಾದಷ್ಟು ದೂರ ಹೋಗಲು ಸುಮಾರು 75 ಸಾವಿರ ವರ್ಷ ಬೇಕು. ಮಕ್ಕಳು ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಘಾಟಿನ ಉದಾಹರಣೆ ಒಂದು ಹಂತದವರೆಗೆ ಮಾತ್ರ. ಸುರಂಗ ಕೊರೆಯಲು ಅಲ್ಲಿ ಗುಡ್ಡ ಇದೆ, ಕಲ್ಲಿದೆ. ಇಲ್ಲಿ ಕೊರೆಯುವುದಕ್ಕೆ ಏನೂ ಇಲ್ಲ. ಜಾಗವೇ ಆ ಆಕಾರದಲ್ಲಿ ಬಾಗಿ ಇರಬೇಕು. ಸುರಂಗದ ಬಾಯಿ ಗೋಡೆಯಲ್ಲಿ ಕೊರೆದ ಕಮಾನು, ಎದುರಿನಿಂದ ಮಾತ್ರ ಒಳಗೆ ಹೋಗಬಹುದು. ವರ್ಮ್‌ಹೋಲಿನ ಬಾಯಿ ಒಂದು ಗೋಳ. ಸುತ್ತ ಯಾವ ಕಡೆಯಿಂದ ಬಂದರೂ ಒಳಗೆ ಹೋಗಬಹುದು. ಹತ್ತಿರ ನಿಂತು ನೋಡಿದರೆ ಆ ಗೋಳದೊಳಗೆ ಆಚೆ ಬದಿಯ ಆಕಾಶ, ಅಲ್ಲಿನ ನಕ್ಷತ್ರಗಳು ಬಾಗಿದ ಚಿತ್ರವಾಗಿ ಕಾಣಬೇಕು. ನಿಮ್ಮ ಲೇಖನದ ಜೊತೆಗಿದ್ದ ಚಿತ್ರದಲ್ಲಿ ಎರಡು ಲಾಳಿಕೆಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದಂತೆ ಬರೆದಿದ್ದರು. ಎಲ್ಲ ಕಡೆಯೂ ಹಾಗೇ ಬರೆಯುತ್ತಾರೆ. ಮೂರು ಆಯಾಮದ ಜಾಗವನ್ನು ಕಾಗದದ ಮೇಲೆ ತೋರಿಸಲು ಒಂದು ಆಯಾಮ ಕೈಬಿಟ್ಟು ಬರೆದ ಚಿತ್ರ ಅದು. ಈ ಒಂದು ಸಾಲನ್ನು ಚಿತ್ರದ ಕೆಳಗೆ ಹಾಕಿದ್ದರೆ ಮಕ್ಕಳು ಆಕಾಶದಲ್ಲಿ ಬಾವಿ ಹುಡುಕುತ್ತಿರಲಿಲ್ಲ.

ಇನ್ನು ಲೇಖನದಲ್ಲಿ ಬ್ಲ್ಯಾಕ್‌ಹೋಲ್ ಮತ್ತು ವರ್ಮ್‌ಹೋಲ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಕಲಸಿಬಿಟ್ಟಿದ್ದಾರೆ. ಬ್ಲ್ಯಾಕ್‌ಹೋಲ್ ಇದೆ. ಅದಕ್ಕೆ ಪುರಾವೆ ಇದೆ. ಎಂ87 ಎಂಬ ಗ್ಯಾಲಕ್ಸಿಯ ನಡುವಿನ ಬ್ಲ್ಯಾಕ್‌ಹೋಲಿನ ಚಿತ್ರ 2019ರ ಏಪ್ರಿಲ್‌ನಲ್ಲಿ ಬಂತು. ನಮ್ಮದೇ ಆಕಾಶಗಂಗೆಯ ನಡುವೆ ಇರುವ, ಸೂರ್ಯನ 40 ಲಕ್ಷ ಪಟ್ಟು ಭಾರದ ಬ್ಲ್ಯಾಕ್‌ಹೋಲಿನ ಚಿತ್ರ 2022ರ ಮೇಯಲ್ಲಿ ಬಂತು. ಅದರೊಳಗೆ ಬಿದ್ದದ್ದು ಹೊರಗೆ ಬರುವುದಿಲ್ಲ. ವರ್ಮ್‌ಹೋಲಿಗೆ ಎರಡು ಬಾಯಿ, ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರಬೇಕು. ಅದು ಸದ್ಯಕ್ಕೆ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದೆ.

ಆ ಲೆಕ್ಕದ ಕಥೆ ಮಾತ್ರ ಬಹಳ ಚೆನ್ನಾಗಿದೆ. ಐನ್‌ಸ್ಟೈನ್ ಸಮೀಕರಣ ಬಂದ ಮರುವರ್ಷವೇ, 1916ರಲ್ಲಿ, ಕಾರ್ಲ್ ಶ್ವಾರ್ಜ್‌ಶೀಲ್ಡ್ ಅದಕ್ಕೆ ಮೊದಲ ನಿಖರ ಉತ್ತರ ಪ್ರಕಟಿಸಿದರು. ಮೊದಲ ಮಹಾಯುದ್ಧದ ರಷ್ಯಾ ಗಡಿಯಲ್ಲಿದ್ದಾಗ ಬಿಡಿಸಿದ ಲೆಕ್ಕ ಅದು. ಅದೇ ವರ್ಷ ಅವರು ತೀರಿಕೊಂಡರು. ಅದೇ ವರ್ಷ ಆಸ್ಟ್ರಿಯಾದ ಲುಡ್ವಿಗ್ ಫ್ಲಾಮ್ ಆ ಉತ್ತರದ ಆಕಾರವನ್ನು ಗಮನಿಸಿದರು. 1935ರಲ್ಲಿ ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ ಸೇರಿ ಎರಡು ಜಾಗಗಳನ್ನು ಜೋಡಿಸುವ ಸೇತುವೆಯೊಂದನ್ನು ಸಮೀಕರಣದಲ್ಲಿ ತೋರಿಸಿದರು. ಅವರಿಗೆ ಪ್ರಯಾಣದ ಯೋಚನೆಯೇ ಇರಲಿಲ್ಲ. ಎಲೆಕ್ಟ್ರಾನಿನಂಥ ಕಣಗಳು ಏನು ಎಂದು ತಿಳಿಯಲು ಹೊರಟಿದ್ದರು. ವರ್ಮ್‌ಹೋಲ್ ಎಂದು ಹೆಸರಿಟ್ಟವರು ಅಮೆರಿಕದ ಭೌತವಿಜ್ಞಾನಿಗಳಾದ ಜಾನ್ ವೀಲರ್ ಮತ್ತು ಚಾರ್ಲ್ಸ್ ಮಿಸ್ನರ್, 1957ರಲ್ಲಿ. ಆಮೇಲೆ 1962ರಲ್ಲಿ ವೀಲರ್ ಅವರೇ ರಾಬರ್ಟ್ ಫುಲ್ಲರ್ ಜೊತೆ ಕೂತು ಇನ್ನೊಂದು ಲೆಕ್ಕ ಮಾಡಿದರು. ಐನ್‌ಸ್ಟೈನ್-ರೋಸೆನ್ ಸೇತುವೆ ಎಷ್ಟು ಬೇಗ ಕುಗ್ಗಿ ತುಂಡಾಗುತ್ತದೆ ಎಂದರೆ ಬೆಳಕಿಗೂ ಅದನ್ನು ದಾಟಲು ಪುರುಸೊತ್ತಿಲ್ಲ ಎಂದು ಗೊತ್ತಾಯಿತು. ತಾವೇ ಹೆಸರಿಟ್ಟದ್ದನ್ನು ತಾವೇ ಪರೀಕ್ಷೆ ಮಾಡಿ, ಇದರಲ್ಲಿ ಹೋಗಲು ಆಗುವುದಿಲ್ಲ ಎಂದು ಬರೆದರು. ವಿಜ್ಞಾನದಲ್ಲಿ ನನಗೆ ತುಂಬ ಇಷ್ಟವಾಗುವುದು ಇಂಥ ನಡತೆ.

ಸುಮಾರು ಎರಡು ದಶಕ ಈ ವಿಷಯಕ್ಕೆ ಹೆಚ್ಚು ಗಮನ ಸಿಗಲಿಲ್ಲ. 1985ರಲ್ಲಿ ಖಗೋಳ ವಿಜ್ಞಾನಿ ಕಾರ್ಲ್ ಸಗಾನ್ ಒಂದು ಕಾದಂಬರಿ ಬರೆಯುತ್ತಿದ್ದರು. ಅವರ ನಾಯಕಿ ಬ್ಲ್ಯಾಕ್‌ಹೋಲಿನ ಮೂಲಕ ದೂರದ ನಕ್ಷತ್ರಕ್ಕೆ ಹೋಗಬೇಕಿತ್ತು. ಇದು ಸರಿಯೇ ಎಂದು ಗೆಳೆಯ, ಭೌತವಿಜ್ಞಾನಿ ಕಿಪ್ ಥಾರ್ನ್ ಅವರನ್ನು ಕೇಳಿದರು. ಬ್ಲ್ಯಾಕ್‌ಹೋಲ್ ಆಗುವುದಿಲ್ಲ, ಹೋದವರು ಉಳಿಯುವುದಿಲ್ಲ ಎಂದ ಥಾರ್ನ್, ಮನುಷ್ಯ ದಾಟಬಲ್ಲ ವರ್ಮ್‌ಹೋಲ್ ಹೇಗಿರಬೇಕು ಎಂದು ಲೆಕ್ಕ ಹಾಕಲು ಕೂತರು. 1988ರಲ್ಲಿ ಅವರು ಮತ್ತು ಅವರ ವಿದ್ಯಾರ್ಥಿ ಮೈಕಲ್ ಮಾರಿಸ್ ಅದನ್ನು ಪ್ರಕಟಿಸಿದರು. ಎಲ್ಲಿ ಗೊತ್ತೇ? ಭೌತವಿಜ್ಞಾನ ಕಲಿಸುವವರಿಗಾಗಿ ಇರುವ ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ. ಸಾಪೇಕ್ಷತೆಯ, ಅಂದರೆ ಐನ್‌ಸ್ಟೈನರ ಆ ಬಾಗುವ ಜಾಗದ ಸಿದ್ಧಾಂತದ, ಪಾಠ ಹೇಳಲು ಒಂದು ಸಾಧನ ಎಂದು ತಲೆಬರಹದಲ್ಲೇ ಬರೆದರು. ಇವತ್ತು ಈ ವಿಷಯದಲ್ಲಿ ಕೆಲಸ ಮಾಡುವವರೆಲ್ಲ ಶುರು ಮಾಡುವುದು ಆ ಪಾಠದಿಂದಲೇ. ಥಾರ್ನ್ ಅವರಿಗೆ 2017ರಲ್ಲಿ ನೊಬೆಲ್ ಬಂತು, ಆದರೆ ಅದು ಗುರುತ್ವದ ಅಲೆಗಳನ್ನು ಹಿಡಿದ ಕೆಲಸಕ್ಕೆ. ವರ್ಮ್‌ಹೋಲಿಗೆ ನೊಬೆಲ್ ಬಂದಿದೆ ಎಂದು ನಿಮ್ಮ ಲೇಖಕರು ಬರೆದದ್ದು ಇಲ್ಲೇ ತಪ್ಪಿರಬೇಕು.

ಥಾರ್ನ್ ಮತ್ತು ಮಾರಿಸ್ ಕೇಳಿದ ಪ್ರಶ್ನೆ ನಮ್ಮ ಕಾರ್ಖಾನೆಯ ಪ್ರಶ್ನೆಯಂಥದ್ದೇ. ದಾರಿಯ ಅತಿ ಸಣ್ಣ ಜಾಗ, ಅಂದರೆ ಅದರ ಗಂಟಲು, ಮುಚ್ಚಿಕೊಳ್ಳದಂತೆ ಹಿಡಿದು ನಿಲ್ಲಿಸಬೇಕಾದರೆ ಎಂಥ ಮಾಲು ಬೇಕು? ಇಲ್ಲಿ ನನ್ನ ದಿನದ ಕೆಲಸದ ಮಾತು ಸ್ವಲ್ಪ ಬರುತ್ತದೆ, ಕ್ಷಮಿಸಿ.

ನಮ್ಮಲ್ಲಿ ಸ್ಟೀಲ್ ಬಂದಾಗ ಅದರ ತುಂಡೊಂದನ್ನು ಯುಟಿಎಂ ಮಶೀನಿಗೆ ಹಾಕಿ ಎಳೆದು ನೋಡುತ್ತೇವೆ. ಎರಡೂ ತುದಿಯನ್ನು ಮಶೀನಿನ ದವಡೆ ಕಚ್ಚಿ ಹಿಡಿಯುತ್ತದೆ. ಮಶೀನು ಮೆಲ್ಲಗೆ ಎಳೆಯುತ್ತಾ ಹೋಗುತ್ತದೆ. ಸ್ಕ್ರೀನಿನ ಮೇಲೆ ಗೆರೆ ನೆಟ್ಟಗೆ ಏರುತ್ತದೆ, ಆಮೇಲೆ ಬಾಗುತ್ತದೆ. ಅಷ್ಟು ಹೊತ್ತಿಗೆ ತುಂಡಿನ ನಡು ಕಣ್ಣೆದುರೇ ಸಣ್ಣಗಾಗಲು ಶುರುವಾಗುತ್ತದೆ. ಇದ್ದಕ್ಕಿದ್ದಂತೆ ಪಟ್ ಎಂದು ಹರಿಯುತ್ತದೆ. ಹರಿದ ತುದಿ ಬೂದು ಬಣ್ಣ, ತರಿತರಿ, ಮುಟ್ಟಿದರೆ ಬೆಚ್ಚಗಿರುತ್ತದೆ. ಸಾದಾ ಎಂಎಸ್ (ಮೈಲ್ಡ್) ಸ್ಟೀಲ್ ಒಂದು ಚದರ ಮಿಲಿಮೀಟರಿಗೆ ಸುಮಾರು 40 ಕೆ.ಜಿ. ಎಳೆತ ತಡೆಯುತ್ತದೆ. ಅದಕ್ಕಿಂತ ಜಾಸ್ತಿ ಎಳೆದರೆ ಹೋಯಿತು.

ಈಗ ವರ್ಮ್‌ಹೋಲಿನ ಷರತ್ತು ನೋಡಿ. ಗಂಟಲಲ್ಲಿ ಇರುವ ವಸ್ತು ತನ್ನ ಒಂದು ಘನ ಮೀಟರಿನೊಳಗಿನ ಒಟ್ಟು ಶಕ್ತಿಗಿಂತ ಜಾಸ್ತಿ ಎಳೆತವನ್ನು ಪ್ರತಿ ಚದರ ಮೀಟರಿಗೆ ತಡೆಯಬೇಕು. ಒಟ್ಟು ಶಕ್ತಿ ಎಂದರೆ ಐನ್‌ಸ್ಟೈನರ ಪ್ರಸಿದ್ಧ ಸೂತ್ರದ ಪ್ರಕಾರ, ಆ ಘನ ಮೀಟರಿನ ದ್ರವ್ಯರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದಷ್ಟು. ಸ್ಟೀಲಿಗೆ ಈ ಲೆಕ್ಕ ನಾನೇ ಹಾಕಿ ನೋಡಿದೆ. ಅದು ಒಂದು ಚದರ ಮಿಲಿಮೀಟರಿಗೆ ಸುಮಾರು 70 ಲಕ್ಷ ಕೋಟಿ ಕೆ.ಜಿ. ತಡೆಯಬೇಕಾಗುತ್ತದೆ. 40 ಕೆ.ಜಿ. ಎಲ್ಲಿ, 70 ಲಕ್ಷ ಕೋಟಿ ಕೆ.ಜಿ. ಎಲ್ಲಿ! ಬೇರೆ ಲೋಹ, ವಜ್ರ, ಕಾರ್ಬನ್ ನೂಲು ಯಾವುದನ್ನು ತಂದರೂ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಗಂಟಲು ದೊಡ್ಡದಾದಷ್ಟು ಬೇಕಾದ ಎಳೆತ ಕಡಿಮೆಯಾಗುತ್ತದೆ ನಿಜ. ಆದರೆ ಗಂಟಲಿನ ತ್ರಿಜ್ಯ 3 ಕಿಲೋಮೀಟರ್ ಇಟ್ಟರೂ ಆ ಎಳೆತ ಅತಿ ಭಾರದ ನ್ಯೂಟ್ರಾನ್ ನಕ್ಷತ್ರದ ಒಡಲಲ್ಲಿರುವ ಒತ್ತಡದಷ್ಟು ಇರುತ್ತದೆ. ವಸ್ತು ಬಲವಾಗಿದ್ದರೆ ಮಾತ್ರ ಸಾಲದು. ಶಕ್ತಿಗಿಂತ ಎಳೆತ ಜಾಸ್ತಿಯಾದ ವಸ್ತುವನ್ನು ಅದರ ಮೂಲಕ ಬಹಳ ವೇಗವಾಗಿ ಹಾದುಹೋಗುವವರು ಅಳೆದರೆ ಅದರ ಶಕ್ತಿ ಸೊನ್ನೆಗಿಂತ ಕೆಳಗೆ ಬರುತ್ತದೆ. ಅಂದರೆ ಋಣ ಶಕ್ತಿ. ನಮಗೆ ಗೊತ್ತಿರುವ ಕಲ್ಲು, ಮಣ್ಣು, ಗಾಳಿ, ಬೆಳಕು ಯಾವುದರದ್ದೂ ಹಾಗಿಲ್ಲ.

ಇದು ಯಾಕೆ ಹೀಗೆ ಎನ್ನುವುದಕ್ಕೆ ಉತ್ತರ ಕೋಲ್ಕತ್ತದಲ್ಲಿದೆ. 1955ರಲ್ಲಿ ಅಲ್ಲಿನ ಭೌತವಿಜ್ಞಾನಿ ಅಮಲ್ ಕುಮಾರ್ ರಾಯ್‌ಚೌಧುರಿ ಒಂದು ಸಮೀಕರಣ ಬರೆದರು. ಇವತ್ತು ಪ್ರಪಂಚವೆಲ್ಲ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತದೆ. ಮಾಮೂಲಿ ವಸ್ತು ಯಾವುದೇ ಇರಲಿ, ತನ್ನ ಹತ್ತಿರ ಹಾಯುವ ಬೆಳಕಿನ ಕಿರಣಗಳನ್ನು ಒಂದರ ಕಡೆಗೊಂದು ಬಾಗಿಸುತ್ತದೆ, ಒಂದರಿಂದೊಂದು ದೂರ ತಳ್ಳುವುದಿಲ್ಲ ಎನ್ನುವುದು ಅದರಿಂದ ಹೊರಡುವ ಮಾತು. ವರ್ಮ್‌ಹೋಲಿನಲ್ಲಿ ಏನಾಗಬೇಕು? ಬೆಳಕಿನ ಕಿರಣಗಳು ಗಂಟಲಿನ ಕಡೆ ಹೋಗುವಾಗ ಹತ್ತಿರ ಬರುತ್ತವೆ. ಗಂಟಲು ದಾಟಿದ ಮೇಲೆ ಮತ್ತೆ ಹರಡಬೇಕು. ಹರಡಿಸುವವರು ಯಾರು? ಮಾಮೂಲಿ ವಸ್ತುವಿಗೆ ಆ ಗುಣವಿಲ್ಲ. ಹಾಗಾಗಿಯೇ ಋಣ ಶಕ್ತಿ ಬೇಕು. ಒಬ್ಬ ಭಾರತೀಯ ಬರೆದ ಸಮೀಕರಣ ಈ ಇಡೀ ವಿಷಯದ ಬಾಗಿಲಲ್ಲಿ ನಿಂತಿದೆ. ನಿಮ್ಮ ಲೇಖನದಲ್ಲಿ ಅವರ ಹೆಸರೇ ಇಲ್ಲದ್ದು ನನಗೆ ಬಹಳ ಬೇಸರ ತಂದಿತು.

ಋಣ ಶಕ್ತಿ ಎಂಬುದು ಪೂರಾ ಕಲ್ಪನೆಯೇ ಎಂದರೆ ಹಾಗೂ ಅಲ್ಲ. 1948ರಲ್ಲಿ ಹಾಲೆಂಡಿನ ಹೆಂಡ್ರಿಕ್ ಕ್ಯಾಸಿಮಿರ್ ಒಂದು ಮಾತು ಹೇಳಿದರು. ಎರಡು ಲೋಹದ ತಟ್ಟೆಗಳನ್ನು ಖಾಲಿ ಜಾಗದಲ್ಲಿ ತೀರಾ ಹತ್ತಿರ ಇಟ್ಟರೆ ನಡುವಿನ ಶಕ್ತಿ ಹೊರಗಿನ ಖಾಲಿ ಜಾಗಕ್ಕಿಂತ ಕಡಿಮೆ ಆಗುತ್ತದೆ, ತಟ್ಟೆಗಳು ಒಂದನ್ನೊಂದು ಎಳೆಯುತ್ತವೆ ಎಂದು. 1997ರಲ್ಲಿ ಸ್ಟೀವ್ ಲಾಮೊರೊ ಇದನ್ನು ಚೊಕ್ಕವಾಗಿ ಅಳೆದು ತೋರಿಸಿದರು. ಆದರೆ ಪ್ರಮಾಣ ನೋಡಿ. ಒಂದು ಚದರ ಮೀಟರಿನ ಎರಡು ತಟ್ಟೆಗಳನ್ನು ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಅಂತರದಲ್ಲಿ ಇಟ್ಟರೆ ಎಳೆತ 0.13 ಗ್ರಾಂ ತೂಕದಷ್ಟು. ಮೈಕ್ರಾನ್ ಎಷ್ಟು ಸಣ್ಣದು ಎಂದು ದಿನಾ ಗೇಜ್ ಹಿಡಿಯುವ ನಮಗೆ ಗೊತ್ತು, ಆ ಅಂತರದಲ್ಲಿ ಅಷ್ಟು ದೊಡ್ಡ ತಟ್ಟೆಗಳನ್ನು ಸಮ ಇಡುವುದೇ ಆಗದ ಮಾತು. ಇತ್ತ ಒಬ್ಬ ಮನುಷ್ಯ ನುಸುಳುವಂತೆ ಒಂದು ಮೀಟರ್ ತ್ರಿಜ್ಯದ ಗಂಟಲು ಬೇಕೆಂದರೆ, ಸರಳ ಅಂದಾಜಿನಲ್ಲಿ, ಗುರುಗ್ರಹದಷ್ಟು ಋಣ ದ್ರವ್ಯರಾಶಿ ಬೇಕು. ಗುರುಗ್ರಹ ನಮ್ಮ ಭೂಮಿಗಿಂತ 318 ಪಟ್ಟು ಭಾರ. ಅಡಚಣೆ ಇರುವುದು ಇಲ್ಲಿ. ದಾರಿಯ ನಕ್ಷೆ ಸಿದ್ಧ ಇದೆ, ಕಟ್ಟುವ ಮಾಲು ಇಲ್ಲ.

ಕಾಲದಲ್ಲಿ ಹಿಂದಕ್ಕೆ ಹೋಗುವ ವಿಚಾರವನ್ನು ಲೇಖನ ಬಹಳ ಉಬ್ಬಿಸಿದೆ. ಸಂಗತಿ ಇಷ್ಟು. ವರ್ಮ್‌ಹೋಲ್ ಇದ್ದರೆ, ಅದರ ಒಂದು ಬಾಯಿಯನ್ನು ಬೆಳಕಿನ ಹತ್ತಿರದ ವೇಗದಲ್ಲಿ ಸುತ್ತಾಡಿಸಿ ತಂದರೆ, ಎರಡು ಬಾಯಿಗಳ ಗಡಿಯಾರದಲ್ಲಿ ವ್ಯತ್ಯಾಸ ಬರುತ್ತದೆ, ಅದರಿಂದ ಹಿಂದಿನ ಹೊತ್ತಿಗೆ ಹೋಗುವ ಸಾಧ್ಯತೆ ಲೆಕ್ಕದಲ್ಲಿ ಹುಟ್ಟುತ್ತದೆ ಎಂದು ಥಾರ್ನ್ ಮತ್ತು ಜೊತೆಗಾರರು 1988ರಲ್ಲೇ ತೋರಿಸಿದರು. ಪ್ರಕೃತಿ ಇದಕ್ಕೆ ಅವಕಾಶ ಕೊಡುವುದಿಲ್ಲ ಎಂದು ಸ್ಟೀಫನ್ ಹಾಕಿಂಗ್ 1992ರಲ್ಲಿ ವಾದಿಸಿದರು. ಅದು ಇನ್ನೂ ಪೂರ್ತಿ ಸಾಬೀತಾಗಿಲ್ಲ. ಒಂದು ಮಾತು ಮಾತ್ರ ಮಕ್ಕಳಿಗೆ ಹೇಳಲೇಬೇಕು. ಇಂಥ ಯಂತ್ರ ಹುಟ್ಟಿದ ದಿನಕ್ಕಿಂತ ಹಿಂದಕ್ಕೆ ಅದರಲ್ಲಿ ಹೋಗಲು ಬರುವುದಿಲ್ಲ. ಹಾಗಾಗಿ ಕಿತ್ತೂರು ಚೆನ್ನಮ್ಮನನ್ನು ನೋಡಿ ಬರುವ ಆಸೆ ಇಟ್ಟುಕೊಂಡ ನಮ್ಮ ಮಾಳಿಗೆಯ ಹುಡುಗನಿಗೆ ನಾನು ಇಲ್ಲ ಎನ್ನಬೇಕಾಯಿತು.

‘ಸಿಕ್ಕಿತು’ ಎಂಬ ಸುದ್ದಿ ಎಲ್ಲಿಂದ ಬಂತು ಎನ್ನುವುದಕ್ಕೆ ನನಗೊಂದು ಊಹೆ ಇದೆ. 2022ರ ಕೊನೆಗೆ ನೇಚರ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಗೂಗಲ್‌ನ ಸಿಕಮೋರ್ ಎಂಬ ಕ್ವಾಂಟಮ್ ಕಂಪ್ಯೂಟರಿನಲ್ಲಿ 9 ಕ್ಯೂಬಿಟ್ (ಅಂಥ ಕಂಪ್ಯೂಟರಿನ ಲೆಕ್ಕದ ಬಿಂದು) ಬಳಸಿ, ವರ್ಮ್‌ಹೋಲಿಗೆ ಹೊಂದುವ ಒಂದು ಗಣಿತದ ಮಾದರಿಯನ್ನು ನಡೆಸಿ ನೋಡಿದ್ದರು. ಪ್ರಪಂಚದ ಹಲವು ಪತ್ರಿಕೆಗಳು ‘ವಿಜ್ಞಾನಿಗಳು ವರ್ಮ್‌ಹೋಲ್ ತಯಾರಿಸಿದರು’ ಎಂದು ಬರೆದವು. ಆ ಯಂತ್ರದಲ್ಲಿ ಯಾವ ಜಾಗವೂ ಬಾಗಿರಲಿಲ್ಲ. ಅದು ಲೆಕ್ಕದ ನಡವಳಿಕೆ ಮಾತ್ರ. ಆ ಲೆಕ್ಕವಾದರೂ ನಿಜಕ್ಕೂ ವರ್ಮ್‌ಹೋಲಿನಂತೆ ನಡೆದುಕೊಂಡಿತೇ ಎಂದು ಮರುವರ್ಷವೇ ಬೇರೆ ಭೌತವಿಜ್ಞಾನಿಗಳು ಪ್ರಶ್ನೆ ಎತ್ತಿದರು. ಸುದ್ದಿಯ ಮೊದಲ ಅರ್ಧ ಎಲ್ಲ ಭಾಷೆಗೂ ಬಂತು. ಎರಡನೇ ಅರ್ಧ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾಗಾದರೆ ಹುಡುಕುವುದು ಹೇಗೆ? ಈ ಭಾಗ ನಿಮ್ಮ ಲೇಖನದಲ್ಲಿ ಇರಲೇ ಇಲ್ಲ, ಮತ್ತು ಕನ್ನಡಿಗರಿಗೆ ಇದರಲ್ಲಿ ಹೆಮ್ಮೆಪಡುವ ವಿಷಯವಿದೆ. ಬೆಂಗಳೂರಿನ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ ಅವರು ಅಮೆರಿಕದ ಮೇರಿಲ್ಯಾಂಡಿಗೆ ಹೋಗಿ ಪಿಎಚ್‌ಡಿ ಮಾಡಿದ್ದು ಚಾರ್ಲ್ಸ್ ಮಿಸ್ನರ್ ಹತ್ತಿರ. ವೀಲರ್ ಜೊತೆ ವರ್ಮ್‌ಹೋಲಿಗೆ ಹೆಸರಿಟ್ಟ ಅದೇ ಮಿಸ್ನರ್. ಬ್ಲ್ಯಾಕ್‌ಹೋಲನ್ನು ಕದಲಿಸಿದರೆ ಅದು ಹೇಗೆ ಕಂಪಿಸಿ, ಹೇಗೆ ಸುಮ್ಮನಾಗುತ್ತದೆ ಎಂದು 1970ರಲ್ಲಿ ವಿಶ್ವೇಶ್ವರ ಲೆಕ್ಕ ಹಾಕಿ ತೋರಿಸಿದರು. ಆಗ ಬ್ಲ್ಯಾಕ್‌ಹೋಲ್ ಇದೆಯೋ ಇಲ್ಲವೋ ಎಂದೇ ಜನ ವಾದ ಮಾಡುತ್ತಿದ್ದರು. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆಗಳನ್ನು ಅಳೆಯುವ ಅಮೆರಿಕದ ಲೈಗೊ ಉಪಕರಣಗಳು ಎರಡು ಬ್ಲ್ಯಾಕ್‌ಹೋಲ್ ಸೇರಿ ಒಂದಾದಾಗ ಹೊರಟ ಅಲೆಯನ್ನು ಹಿಡಿದಾಗ, ಕೊನೆಯಲ್ಲಿ ಆ ಕಂಪನದ ಗುರುತೂ ಇತ್ತು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಮೊದಲ ನಿರ್ದೇಶಕರು ಅವರೇ. 2017ರಲ್ಲಿ ತೀರಿಕೊಂಡರು.

ವರ್ಮ್‌ಹೋಲ್ ಹುಡುಕಾಟಕ್ಕೆ ಇದು ನೇರ ಸಂಬಂಧಿಸಿದೆ. ಬ್ಲ್ಯಾಕ್‌ಹೋಲ್ ಎಂದುಕೊಂಡದ್ದು ನಿಜಕ್ಕೂ ವರ್ಮ್‌ಹೋಲ್ ಆಗಿದ್ದರೆ, ಮೊದಲ ಕಂಪನ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಆದರೆ ಸ್ವಲ್ಪ ಹೊತ್ತಿನ ಮೇಲೆ ಅದರ ಮಂದ ಮರುಧ್ವನಿಗಳು ಬರಬೇಕು ಎಂದು 2016ರಲ್ಲಿ ಯುರೋಪಿನ ಮೂವರು ವಿಜ್ಞಾನಿಗಳು ಲೆಕ್ಕ ಕೊಟ್ಟರು. ಅಂಥದ್ದಕ್ಕೆ ಲೈಗೊ ದಾಖಲೆಗಳಲ್ಲಿ ಹುಡುಕಿದ್ದಾರೆ. ನಂಬುವಂಥದ್ದು ಸಿಕ್ಕಿಲ್ಲ. ಇನ್ನೊಂದು ದಾರಿಯನ್ನು 2019ರಲ್ಲಿ ಇಬ್ಬರು ಸೂಚಿಸಿದರು. ನಮ್ಮ ಗ್ಯಾಲಕ್ಸಿಯ ನಡುವೆ ಎಸ್2 ಎಂಬ ನಕ್ಷತ್ರ 16 ವರ್ಷಕ್ಕೊಮ್ಮೆ ಆ ದೊಡ್ಡ ಬ್ಲ್ಯಾಕ್‌ಹೋಲನ್ನು ಸುತ್ತುತ್ತದೆ. ಅಲ್ಲಿ ವರ್ಮ್‌ಹೋಲ್ ಇದ್ದರೆ ಆಚೆ ಬದಿಯ ನಕ್ಷತ್ರಗಳ ಗುರುತ್ವವೂ ಈಚೆಗೆ ತಟ್ಟಿ ಎಸ್2ರ ದಾರಿ ಚೂರು ಅಲುಗಬೇಕು. ಅಷ್ಟು ಸಣ್ಣ ಅಲುಗಾಟ ಹಿಡಿಯಲು ಇವತ್ತಿನ ಅಳತೆ ಇನ್ನೂ ಸೂಕ್ಷ್ಮವಾಗಬೇಕು.

ಮೊದಲ ದಾರಿಗೆ, ಅಂದರೆ ಗುರುತ್ವದ ಅಲೆಗಳನ್ನು ಹಿಡಿಯಲು, ಒಂದು ಉಪಕರಣ ನಮ್ಮ ಮಹಾರಾಷ್ಟ್ರದಲ್ಲೇ ಬರಲಿದೆ. ಮರಾಠವಾಡಾದ ಹಿಂಗೋಲಿ ಜಿಲ್ಲೆಯ ಔಂಢಾ ಹತ್ತಿರ ಲೈಗೊ-ಇಂಡಿಯಾಕ್ಕೆ ಜಾಗ ಆಗಿದೆ. 2023ರಲ್ಲಿ ಕೇಂದ್ರ ಸಂಪುಟ ಸುಮಾರು 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಒಂದೊಂದು ತೋಳು 4 ಕಿಲೋಮೀಟರ್ ಉದ್ದ. ಅದರಲ್ಲಿ ಪುಣೆಯ ಅಯುಕಾದ ಪಾಲು ದೊಡ್ಡದು. ನಮ್ಮ ಮಾಳಿಗೆಯ ಮಕ್ಕಳಲ್ಲಿ ಯಾರಾದರೂ ಒಬ್ಬರು ಮುಂದೆ ಅಲ್ಲಿ ಕೆಲಸಕ್ಕೆ ಸೇರಲಿ ಎಂಬುದು ನನ್ನ ನಿಜವಾದ ಆಸೆ. ಎಲ್ಲ ಮೊದಲೇ ಸಿಕ್ಕಿಬಿಟ್ಟಿದೆ ಎಂದು ಓದಿದ ಮಗು ಹುಡುಕಲು ಯಾಕೆ ಹೋಗುತ್ತದೆ? ಅವತ್ತು ‘ಇನ್ನೂ ಸಿಕ್ಕಿಲ್ಲ, ಮಾಲು ಇಲ್ಲ, ಹುಡುಕುತ್ತಿದ್ದಾರೆ’ ಎಂದು ಹೇಳಿದಾಗ ಮಕ್ಕಳ ಉತ್ಸಾಹ ಇಳಿಯಲಿಲ್ಲ. ಪ್ರಶ್ನೆ ಜಾಸ್ತಿಯಾದವು. ಕತ್ತಲಾದರೂ ಕೆಳಗೆ ಇಳಿಯಲು ಒಪ್ಪಲಿಲ್ಲ.

ಪುಣೆಯಲ್ಲಿ ಮರಾಠಿ ಮಕ್ಕಳಿಗೆ ಒಂದು ಭಾಗ್ಯವಿತ್ತು. ಅಯುಕಾವನ್ನು 1988ರಲ್ಲಿ ಕಟ್ಟಿ ನಿಲ್ಲಿಸಿದ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಅವರೇ ಮರಾಠಿಯಲ್ಲಿ ಕೂತು ಬರೆಯುತ್ತಿದ್ದರು. 2025ರ ಮೇಯಲ್ಲಿ ಅವರು ಹೋದಾಗ ನಮ್ಮ ಕಾರ್ಖಾನೆಯ ಮರಾಠಿ ಗೆಳೆಯರು, ವಿಜ್ಞಾನ ಓದದವರೂ, ಮನೆಯವರು ಹೋದಂತೆ ಮಾತಾಡಿಕೊಂಡರು. ಅಷ್ಟು ದೊಡ್ಡವರು ತಮ್ಮ ಭಾಷೆಯಲ್ಲಿ, ಸರಿಯಾಗಿ, ಮಕ್ಕಳಿಗೆ ತಿಳಿಯುವಂತೆ ಹೇಳಿದ್ದರ ಫಲ ಅದು. ಕನ್ನಡದಲ್ಲೂ ಬರೆಯಬಲ್ಲ ವಿಜ್ಞಾನಿಗಳು, ಮೇಷ್ಟ್ರುಗಳು ಇದ್ದಾರೆ. ಪುರವಣಿಯ ಲೇಖನವನ್ನು ಅಚ್ಚಿಗೆ ಹೋಗುವ ಮೊದಲು ಅಂಥ ಒಬ್ಬರಿಗೆ ಒಮ್ಮೆ ತೋರಿಸುವುದು ಕಷ್ಟವಲ್ಲ, ಅಲ್ವಾ?

ನನ್ನ ಕೋರಿಕೆ ಎರಡು. ಮುಂದಿನ ಭಾನುವಾರದ ಪುರವಣಿಯಲ್ಲಿ, ಅದೇ ಪುಟದಲ್ಲಿ, ಅಷ್ಟೇ ದಪ್ಪಕ್ಷರದಲ್ಲಿ, ವರ್ಮ್‌ಹೋಲ್ ಇನ್ನೂ ಪತ್ತೆಯಾಗಿಲ್ಲ ಎಂದು ಹಾಕಿ. ಮತ್ತು ವಿಜ್ಞಾನದ ಸುದ್ದಿ ಬಂದಾಗಲೆಲ್ಲ, ಇದು ಅಳೆದು ನೋಡಿದ್ದೋ, ಲೆಕ್ಕದಲ್ಲಿ ಕಂಡದ್ದೋ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಒಂಬತ್ತನೇ ಕ್ಲಾಸಿನ ಹುಡುಗಿ ಅಷ್ಟನ್ನು ಕೇಳಿಯೇ ಕೇಳುತ್ತಾಳೆ.

ಇತಿ,
ನಿಮ್ಮ ಓದುಗ,
ಭೋಸರಿ, ಪುಣೆ